ನೀರಿನೊಳಗೆ ಕಣ್ಣು ತೆರೆದ ಕಥೆ

ಹೊಸದಾಗಿ ಮದುವೆಯಾದವರ ಆಲ್ಬಮ್ಮಿನಲ್ಲಿ ಒಂದು ಕಾಲಕ್ಕೆ ಊಟಿಯ ಸಸ್ಯೋದ್ಯಾನದ ಮುಂದೆ ನಿಂತ ಚಿತ್ರ ತಪ್ಪದೆ ಇರುತ್ತಿತ್ತು. ಈಗ ಆ ಜಾಗಕ್ಕೆ ಬೇರೊಂದು ಚಿತ್ರ ಬಂದಿದೆ. ನೀಲಿ ನೀರು, ಕೆಳಗೆ ಹವಳದ ಪೊದೆಗಳು, ನಡುವೆ ಕೈ ಕೈ ಹಿಡಿದು ತೇಲುತ್ತಿರುವ ಗಂಡ ಹೆಂಡತಿ. ಇಬ್ಬರ ಮುಖಕ್ಕೂ ಗಾಜಿನ ಮುಖವಾಡ, ಬಾಯಿಗೆ ಬಾಗಿದ ಕೊಳವೆ, ಕಾಲಿಗೆ ಬಾತುಕೋಳಿಯ ಪಾದದಂಥ ರಬ್ಬರ್ ಫಿನ್. ಮಾಲ್ಡೀವ್ಸ್, ಲಕ್ಷದ್ವೀಪ, ಅಂಡಮಾನ್, ಬಾಲಿ - ಊರು ಯಾವುದಾದರೂ ಚಿತ್ರ ಒಂದೇ. ಬೆಳಗಿನ ತಿಂಡಿ ಮುಗಿಸಿ ದೋಣಿ ಹತ್ತುವುದು, ಅರ್ಧ ಗಂಟೆ ಪಾಠ ಹೇಳಿಸಿಕೊಳ್ಳುವುದು, ಮೊದಲ ಹತ್ತು ನಿಮಿಷ ಉಪ್ಪುನೀರು ಕುಡಿದು ಕೆಮ್ಮುವುದು, ಆಮೇಲೆ ಊಟದ ಹೊತ್ತಾದರೂ ನೀರಿನಿಂದ ಏಳಲು ಮನಸ್ಸಾಗದಿರುವುದು. ಇದಕ್ಕೆ ಸ್ನಾರ್ಕೆಲಿಂಗ್ ಎಂದು ಹೆಸರು.

ಇದು ಎಷ್ಟು ಸುಲಭದ, ಎಷ್ಟು ಅಗ್ಗದ ಸುಖವೆಂದರೆ ಇದಕ್ಕೂ ಒಂದು ಚರಿತ್ರೆ ಇರಬಹುದೆಂದು ಯಾರಿಗೂ ಹೊಳೆಯುವುದಿಲ್ಲ. ಮನುಷ್ಯ ಸಾವಿರಾರು ವರ್ಷಗಳಿಂದ ಸಮುದ್ರಕ್ಕೆ ಇಳಿಯುತ್ತಲೇ ಬಂದಿದ್ದಾನೆ. ಮುತ್ತು ತಂದಿದ್ದಾನೆ, ಶಂಖ ತಂದಿದ್ದಾನೆ, ಮುಳುಗಿದ ಹಡಗಿನ ಹೊನ್ನನ್ನೂ ಎತ್ತಿದ್ದಾನೆ. ಆದರೆ ಸಾಮಾನ್ಯ ಜನ ಸುಮ್ಮನೆ ನೋಡುವುದಕ್ಕೆಂದು ಸಮುದ್ರದೊಳಗೆ ತಲೆ ತೂರಿಸಿದ್ದು ತೀರಾ ಇತ್ತೀಚೆಗೆ. ಅದಕ್ಕೆ ಇನ್ನೂ ನೂರು ವರ್ಷ ತುಂಬಿಲ್ಲ.

ತಡವಾದದ್ದು ಕಣ್ಣಿನ ದೆಸೆಯಿಂದ. ಮನುಷ್ಯನ ಕಣ್ಣು ಗಾಳಿಗಾಗಿ ಆದದ್ದು. ಬೆಳಕು ಗಾಳಿಯಿಂದ ಕಣ್ಣಿನ ಪಾರದರ್ಶಕ ಪಟಲವನ್ನು ಹೊಕ್ಕಾಗ ಬಾಗುತ್ತದೆ. ನೋಟ ಸ್ಪಷ್ಟವಾಗುವುದು ಹೆಚ್ಚಾಗಿ ಆ ಬಾಗುವಿಕೆಯಿಂದಲೇ. ನೀರಿನ ಗುಣವೂ ಆ ಪಟಲದ ಗುಣವೂ ಹೆಚ್ಚುಕಡಿಮೆ ಒಂದೇ ಆದ್ದರಿಂದ ನೀರೊಳಗೆ ಬೆಳಕು ಬಾಗುವುದೇ ಇಲ್ಲ. ಕೆರೆಯಲ್ಲಿ ಮುಳುಗಿ ಕಣ್ಣು ಬಿಟ್ಟವರಿಗೆ ಎಲ್ಲವೂ ಮಂಜು ಮಂಜಾಗಿ ಕಾಣುವುದು ಇದಕ್ಕೇ. ಕಣ್ಣಿನ ಮುಂದೆ ಒಂದಿಷ್ಟು ಗಾಳಿ, ಅದರ ಮುಂದೆ ಒಂದು ಚಪ್ಪಟೆ ಗಾಜು ಇಟ್ಟರೆ ಸಾಕು, ಕಣ್ಣಿಗೆ ತನ್ನ ಶಕ್ತಿ ಮರಳಿ ಬರುತ್ತದೆ. ಸ್ವಲ್ಪ ಹೆಚ್ಚಾಗಿಯೇ ಬರುತ್ತದೆಂದರೂ ತಪ್ಪಿಲ್ಲ: ಗಾಜಿನ ಮೂಲಕ ನೋಡಿದಾಗ ವಸ್ತುಗಳು ಮೂರನೆಯ ಒಂದು ಭಾಗದಷ್ಟು ದೊಡ್ಡದಾಗಿಯೂ ಕಾಲು ಭಾಗದಷ್ಟು ಹತ್ತಿರದಲ್ಲಿಯೂ ಕಾಣುತ್ತವೆ. ದ್ವೀಪದಿಂದ ಮರಳಿದವರು ತಾವು ಕಂಡ ಮೀನಿನ ಅಳತೆ ಹೇಳುವಾಗ ಎರಡೂ ಕೈ ಅಗಲಿಸುವುದರಲ್ಲಿ ಸ್ವಲ್ಪ ಪಾಲು ಭೌತಶಾಸ್ತ್ರದ್ದು.

ಮನ್ನಾರ್ ಕೊಲ್ಲಿಯಲ್ಲಿ, ಪರ್ಷಿಯಾ ಕೊಲ್ಲಿಯಲ್ಲಿ ಕಾಲಿಗೆ ಕಲ್ಲು ಕಟ್ಟಿಕೊಂಡು ಇಳಿಯುತ್ತಿದ್ದ ಮುತ್ತಿನ ಮುಳುಗುಗಾರರು ಈ ಮಂಜಿನಲ್ಲೇ ತಡಕಾಡಿ ಚಿಪ್ಪು ಹೆಕ್ಕುತ್ತಿದ್ದರು. ಅವರ ಮಟ್ಟಿಗೆ ಸಮುದ್ರದ ತಳ ಕೈಯಿಂದ ಮುಟ್ಟಿ ತಿಳಿಯಬೇಕಾದ ಕತ್ತಲ ಉಗ್ರಾಣ. ಜಪಾನಿನ ದಕ್ಷಿಣದ ಒಕಿನಾವಾದಲ್ಲಿ ಇತೋಮನ್ ಊರಿನ ಮೀನುಗಾರರು 19ನೇ ಶತಮಾನದ ಕೊನೆಯ ಭಾಗದಲ್ಲಿ ಮರ ಕೊರೆದು ಗಾಜು ಕೂಡಿಸಿದ ಜೋಡಿ ಕನ್ನಡಕ ಮಾಡಿಕೊಂಡರು. ಒಬ್ಬೊಬ್ಬನ ಕಣ್ಣಿನ ಗುಳಿಗೆ ತಕ್ಕಂತೆ ಕೆತ್ತಬೇಕಾಗಿದ್ದ ಈ ಕನ್ನಡಕ ಮೀನುಗಾರಿಕೆಯನ್ನೇ ಬದಲಿಸಿತು. ಆದರೆ ಅದು ದುಡಿಮೆಯ ಸಲಕರಣೆ. ವಿನೋದಕ್ಕೆ ಅದನ್ನು ಬಳಸುವ ಯೋಚನೆ ಬಂದದ್ದು ಬೇರೆ ಕಡೆ, ಬೇರೆ ಬಗೆಯ ಜನಕ್ಕೆ.

ಕೊಳವೆಯ ವಿಚಾರ ಮಾತ್ರ ಬಹಳ ಹಳೆಯದು. ಕ್ರಿಸ್ತಪೂರ್ವ 4ನೇ ಶತಮಾನದಲ್ಲಿ ಅರಿಸ್ಟಾಟಲ್ ಆನೆಯ ಸೊಂಡಿಲನ್ನು ವರ್ಣಿಸುತ್ತಾ, ಮುಳುಗುಗಾರರು ಉಸಿರಾಟಕ್ಕೆ ಬಳಸುವ ಸಾಧನಕ್ಕೆ ಅದನ್ನು ಹೋಲಿಸಿದ್ದಾನೆ. ಕಬಿನಿ ಹಿನ್ನೀರಿನಲ್ಲಿ ಸೊಂಡಿಲೆತ್ತಿ ಈಜುವ ಆನೆಗಳನ್ನು ಕಂಡವರಿಗೆ ಈ ಹೋಲಿಕೆಯ ಸೊಗಸು ಬೇರೆ ಹೇಳಬೇಕಿಲ್ಲ. ಲಿಯೊನಾರ್ಡೊ ಡ ವಿಂಚಿಯ ಟಿಪ್ಪಣಿ ಪುಸ್ತಕದಲ್ಲೂ ಉಸಿರು ಕೊಳವೆಯ ಚಿತ್ರಗಳಿವೆ. ಇಂಥ ಚಿತ್ರಗಳಲ್ಲೆಲ್ಲ ಒಂದು ಆಸೆ ಇಣುಕುತ್ತದೆ: ಕೊಳವೆ ಉದ್ದ ಮಾಡಿದರೆ ಎಷ್ಟು ಆಳಕ್ಕೂ ಹೋಗಬಹುದಲ್ಲ!

ಹೋಗಲಾಗದು. ಒಂದು ಮೀಟರ್ ಆಳದಲ್ಲಿ ನೀರು ಎದೆಯ ಪ್ರತಿ ಚದರಡಿಯ ಮೇಲೂ ತೊಂಬತ್ತು ಕಿಲೋಗೂ ಮಿಕ್ಕಿದ ಹೆಚ್ಚುವರಿ ಭಾರ ಹೇರುತ್ತದೆ. ಕೊಳವೆಯಲ್ಲಿರುವುದು ಮೇಲಿನ ಗಾಳಿಯ ಒತ್ತಡ. ಎದೆಯ ಸ್ನಾಯುಗಳು ಆ ಭಾರವನ್ನು ತಳ್ಳಿ ಗಾಳಿ ಎಳೆದುಕೊಳ್ಳಲಾರವು. ಮೇಲಾಗಿ, ಉದ್ದದ ಕೊಳವೆಯಲ್ಲಿ ಬಿಟ್ಟ ಉಸಿರೇ ಮತ್ತೆ ಒಳಗೆ ಬರುತ್ತದೆ. ಅಂಗಡಿಯಲ್ಲಿ ಸಿಗುವ ಸ್ನಾರ್ಕೆಲ್ ಒಂದೂಕಾಲು ಅಡಿ ಮೀರದಿರುವುದು ಇದೇ ಕಾರಣಕ್ಕೆ. ಹಾಗಾದರೆ ಅಷ್ಟುದ್ದದ ಸೊಂಡಿಲಿನ ಆನೆಗೆ ಸಾಧ್ಯವಾಗುವುದು ಹೇಗೆ? ಬೇರೆ ಸಸ್ತನಿಗಳಲ್ಲಿ ಶ್ವಾಸಕೋಶದ ಸುತ್ತ ಎರಡು ತೆಳು ಪೊರೆಗಳ ನಡುವೆ ಒಂದು ಕಿರಿದಾದ ಜಾಗವಿರುತ್ತದೆ. ಆನೆಯಲ್ಲಿ ಆ ಜಾಗವಿಲ್ಲ, ದಪ್ಪನೆಯ ಅಂಗಾಂಶ ತುಂಬಿಕೊಂಡಿದೆ. ಒತ್ತಡಕ್ಕೆ ಅಲ್ಲಿನ ಸೂಕ್ಷ್ಮ ರಕ್ತನಾಳಗಳು ಒಡೆಯದಿರಲೆಂದೇ ಈ ಏರ್ಪಾಡು ಇರಬಹುದೆಂದು ಕ್ಯಾಲಿಫೋರ್ನಿಯಾದ ಶರೀರಕ್ರಿಯಾ ವಿಜ್ಞಾನಿ ಜಾನ್ ವೆಸ್ಟ್ 2001ರ ಸುಮಾರಿಗೆ ವಾದ ಮುಂದಿಟ್ಟರು. ಅಂಡಮಾನಿನ ಹ್ಯಾವ್‌ಲಾಕ್ ದ್ವೀಪದಲ್ಲಿ 2016ರಲ್ಲಿ ತೀರಿಕೊಂಡ, ಕಡಲಲ್ಲಿ ಈಜುವುದಕ್ಕೇ ಲೋಕಪ್ರಸಿದ್ಧವಾಗಿದ್ದ ರಾಜನ್ ಎಂಬ ಆನೆಗೆ ಇದಾವುದೂ ಗೊತ್ತಿರಲಿಲ್ಲ.

ಆಧುನಿಕ ಕಥೆ ಶುರುವಾಗುವುದು ಫ್ರಾನ್ಸಿನ ದಕ್ಷಿಣ ತೀರದಲ್ಲಿ, 1920ರ ದಶಕದ ಕೊನೆಗೆ. ಅಲ್ಲಿ ನೆಲೆಸಿದ್ದ ಅಮೆರಿಕನ್ ಕತೆಗಾರ ಗೈ ಗಿಲ್‌ಪ್ಯಾಟ್ರಿಕ್ ಹಿಂದೆ ವಿಮಾನ ಹಾರಿಸುತ್ತಿದ್ದವನು. ತನ್ನ ವಿಮಾನಿಯ ಕನ್ನಡಕದ ಸಂದುಗಳಿಗೆ ಕಿಟಕಿಗೆ ಮೆತ್ತುವ ಪುಟ್ಟಿ ಬಳಿದು, ಈಟಿ ಹಿಡಿದು ಮೀನಿನ ಬೇಟೆಗಿಳಿದ. 1938ರಲ್ಲಿ ಈ ಬೇಟೆಯ ಬಗ್ಗೆ ತಮಾಷೆಯ ಪುಸ್ತಕವನ್ನೂ ಬರೆದ. ಅವನನ್ನು ನೋಡಿ ಇತರರೂ ಇಳಿದರು. ರಷ್ಯಾದಿಂದ ವಲಸೆ ಬಂದಿದ್ದ ಅಲೆಕ್ ಕ್ರಮಾರೆಂಕೊ ಆಳದ ಒತ್ತಡಕ್ಕೆ ಕಣ್ಣಿಗೆ ನೋವಾಗದಂತೆ ಕನ್ನಡಕಕ್ಕೆ ರಬ್ಬರ್ ಬುರುಡೆಗಳನ್ನು ಜೋಡಿಸಿದ. ಫ್ರೆಂಚ್ ನೌಕಾದಳದ ಅಧಿಕಾರಿ ಲೂಯಿ ದ ಕೊರ್ಲ್ಯೂ 1933ರಲ್ಲಿ ರಬ್ಬರ್ ಫಿನ್‌ಗಳಿಗೆ ಪೇಟೆಂಟ್ ಪಡೆದ. 1938ರಲ್ಲಿ ಮ್ಯಾಕ್ಸಿಮ್ ಫೋರ್ಜೊ ಎಂಬಾತ ಎರಡು ಕಣ್ಣಿಗೂ ಒಂದೇ ಗಾಜಿರುವ, ಮೂಗನ್ನೂ ಮುಚ್ಚುವ ಮುಖವಾಡ ತಂದ. ಜೋಡಿ ಗಾಜಿನಲ್ಲಿ ಒಂದು ಮೀನು ಎರಡಾಗಿ ಕಾಣುವ ಕಷ್ಟ ಅಲ್ಲಿಗೆ ತಪ್ಪಿತು. ಮೂಗಿನಿಂದ ಗಾಳಿ ಬಿಟ್ಟು ಒಳಗಿನ ಒತ್ತಡ ಸರಿಪಡಿಸಿಕೊಳ್ಳುವ ಅನುಕೂಲವೂ ಆಯಿತು. ಕೊಳವೆಗೆ ತೋಟದ ರಬ್ಬರ್ ಪೈಪಿನ ತುಂಡೇ ಸಾಕಾಗುತ್ತಿತ್ತು.

ಹೀಗೆ ಹತ್ತೇ ವರ್ಷದಲ್ಲಿ, ಒಂದೇ ಕರಾವಳಿಯಲ್ಲಿ ಮೂರೂ ಸಲಕರಣೆ ಒಟ್ಟಿಗೆ ಸೇರಿದವು. ಇಂದಿನ ಜೋಡಿ ತೊಡುವುದು ಹೆಚ್ಚುಕಡಿಮೆ ಅವನ್ನೇ. 2014ರಲ್ಲಿ ಫ್ರಾನ್ಸಿನದೇ ಡೆಕಾಥ್ಲಾನ್ ಕಂಪನಿ ಮುಖವಾಡವನ್ನೂ ಕೊಳವೆಯನ್ನೂ ಒಂದಾಗಿಸಿ ಇಡೀ ಮುಖ ಮುಚ್ಚುವ ಮಾದರಿ ತಂದದ್ದೊಂದೇ ಆಮೇಲಿನ ದೊಡ್ಡ ಬದಲಾವಣೆ. 2020ರ ಮಾರ್ಚ್‌ನಲ್ಲಿ ಕೊರೋನಾ ಹಾವಳಿಗೆ ಇಟಲಿಯ ಬ್ರೆಶಿಯಾ ಪಟ್ಟಣದ ಆಸ್ಪತ್ರೆಗಳು ತತ್ತರಿಸಿದಾಗ, ಅಲ್ಲಿನ ಎಂಜಿನಿಯರುಗಳು ಇದೇ ಮುಖವಾಡಕ್ಕೊಂದು ಕವಾಟ ಅಚ್ಚು ಹಾಕಿಸಿ ರೋಗಿಗಳ ಉಸಿರಾಟಕ್ಕೆ ಒದಗಿಸಿದರು. ಮೀನು ನೋಡಲು ಮಾಡಿದ ವಸ್ತು ಇಷ್ಟು ದೂರ ಬಂದೀತೆಂದು ಯಾರು ಎಣಿಸಿದ್ದರು?

‘ಸ್ನಾರ್ಕೆಲ್’ ಎಂಬ ಪದ ಬಂದದ್ದು ರಜೆಯ ಕಡಲತೀರದಿಂದಲ್ಲ, ಯುದ್ಧದಿಂದ. ಜಲಾಂತರ್ಗಾಮಿ ನೌಕೆ ನೀರೊಳಗಿದ್ದೇ ಡೀಸೆಲ್ ಎಂಜಿನ್ನಿಗೆ ಗಾಳಿ ಎಳೆದುಕೊಳ್ಳುವ ಕಂಬವನ್ನು 1930ರ ದಶಕದಲ್ಲಿ ರೂಪಿಸಿದವರು ಡಚ್ಚರು. 1940ರಲ್ಲಿ ಹಾಲೆಂಡ್ ಸೋತಾಗ ಅದು ಜರ್ಮನರ ಕೈಸೇರಿತು. ಮೂಗು, ಗೊರಕೆ ಎಂಬ ಅರ್ಥಗಳ ಸುತ್ತ ಸುಳಿಯುವ ಆಡುಮಾತಿನ ಪದವೊಂದರಿಂದ ಅವರು ಆ ಕಂಬವನ್ನು ‘ಶ್ನೋರ್ಕೆಲ್’ ಎಂದು ಕರೆದರು. ಯುದ್ಧ ಮುಗಿದ ಮೇಲೆ ಹೆಸರು ಈಜುಗಾರನ ಬಾಯಿಗೂ ಬಂತು. ಒಂದೂಕಾಲು ಅಡಿ ಪ್ಲಾಸ್ಟಿಕ್ ಕೊಳವೆಯಿಂದ ಗೊರಕೆಯಂಥ ಸದ್ದು ಹೊರಡಿಸುತ್ತಾ ತೇಲುವವರನ್ನು ಕೇಳಿದವರಿಗೆ ಹೆಸರು ಒಪ್ಪುತ್ತದೆನಿಸದೆ ಇರದು.

ಗಮನಿಸಬೇಕಾದ್ದೆಂದರೆ, ಫ್ರಾನ್ಸಿನ ಆ ಮೊದಲಿಗರೆಲ್ಲ ನೀರಿಗಿಳಿದದ್ದು ಕೊಲ್ಲುವುದಕ್ಕೆ. ಕನ್ನಡಕ ಬಂತು, ಈಟಿಯೂ ಬಂತು. ಕಲ್ಲಿನ ಸಂದಿಯಲ್ಲಿ ನಿಶ್ಚಿಂತೆಯಿಂದ ಬದುಕಿದ್ದ ಮುರು ಜಾತಿಯ ದೊಡ್ಡ ಮೀನುಗಳು ಕೆಲವೇ ವರ್ಷಗಳಲ್ಲಿ ತೀರದಿಂದ ಕಾಣೆಯಾದವು. ಕಂಡದ್ದನ್ನು ಕೊಲ್ಲದೆ ನೋಡಬಹುದು ಎಂಬ ತಿಳಿವು ಆಮೇಲಿನದು. ಆ ತಿರುವಿನಲ್ಲಿ ನಿಲ್ಲುವವರು ಮುಖ್ಯವಾಗಿ ಇಬ್ಬರು. ಒಬ್ಬ ಫ್ರಾನ್ಸಿನ ಜಾಕ್ ಕುಸ್ಟೊ. 1936ರಲ್ಲಿ ಅಪಘಾತದಿಂದ ಚೇತರಿಸಿಕೊಳ್ಳುತ್ತಿದ್ದ ಈ ನೌಕಾ ಅಧಿಕಾರಿ ತೂಲಾನ್ ಬಳಿ ಕನ್ನಡಕ ತೊಟ್ಟು ನೀರಿಗೆ ಮುಖವಿಟ್ಟ. ಬದುಕಿನ ದಾರಿಯೇ ತಿರುಗಿತು. 1943ರಲ್ಲಿ ಎಮಿಲ್ ಗಾನ್ಯಾನ್ ಜೊತೆ ಗಾಳಿ ಸಿಲಿಂಡರಿನ ಉಸಿರಾಟ ಸಾಧನವನ್ನು ರೂಪಿಸಿದ. ಅವನ ಚಿತ್ರ 1956ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುಚ್ಚ ಪ್ರಶಸ್ತಿ ಪಡೆಯಿತು. ಅವನ ಕೀರ್ತಿಯ ನೆರಳಿನಲ್ಲಿ ಇನ್ನೊಬ್ಬನ ಹೆಸರು ಮಸುಕಾಯಿತು. ಗಂಡ ಹೆಂಡತಿ ಕೂಡಿ ದ್ವೀಪದ ನೀರಿಗಿಳಿಯುವ ಚಿತ್ರ ಲೋಕದ ಮನಸ್ಸಿನಲ್ಲಿ ಮೂಡಿದ್ದು ಮಾತ್ರ ಆ ಇನ್ನೊಬ್ಬನಿಂದ, ಅದಕ್ಕಿಂತ ಹೆಚ್ಚಾಗಿ ಅವನ ಹೆಂಡತಿಯಿಂದ.

ಹಾನ್ಸ್ ಹಾಸ್ ಹುಟ್ಟಿದ್ದು 1919ರಲ್ಲಿ, ಸಮುದ್ರವೇ ಇಲ್ಲದ ದೇಶವಾದ ಆಸ್ಟ್ರಿಯಾದ ವಿಯೆನ್ನಾದಲ್ಲಿ. 1937ರಲ್ಲಿ ಶಾಲೆ ಮುಗಿಸಿ ಫ್ರಾನ್ಸಿನ ತೀರಕ್ಕೆ ರಜೆಗೆ ಹೋದಾಗ ಈಟಿ ಹಿಡಿದು ನೀರಲ್ಲಿ ಮುಳುಗೇಳುತ್ತಿದ್ದ ಗಿಲ್‌ಪ್ಯಾಟ್ರಿಕ್ ಕಣ್ಣಿಗೆ ಬಿದ್ದ. ವಕೀಲನಾಗಬೇಕಿದ್ದ ಹುಡುಗ ಪ್ರಾಣಿಶಾಸ್ತ್ರಕ್ಕೆ ಹೊರಳಿದ. 1939ರಲ್ಲಿ ಇಬ್ಬರು ಗೆಳೆಯರೊಂದಿಗೆ ಕೆರಿಬಿಯನ್ನಿನ ಕ್ಯುರಸಾವ್ ಮತ್ತು ಬೊನೇರ್ ದ್ವೀಪಗಳಿಗೆ ಹೊರಟ. ಅಲ್ಲಿದ್ದಾಗಲೇ ಮಹಾಯುದ್ಧ ಶುರುವಾಗಿ ಹಿಂತಿರುಗುವ ದಾರಿ ಮುಚ್ಚಿತು; ಕೊನೆಗೆ ಅಮೆರಿಕ, ಜಪಾನ್, ಸೈಬೀರಿಯಾ ಸುತ್ತಿ ಭೂಮಿಗೇ ಪ್ರದಕ್ಷಿಣೆ ಹಾಕಿದಂತೆ 1940ರಲ್ಲಿ ಊರು ಸೇರಿದರು. ಅವನ ಮೊದಲ ಪುಸ್ತಕದ ಹೆಸರಿನಲ್ಲಿ ‘ಈಟಿ ಮತ್ತು ಕ್ಯಾಮೆರಾ’ ಎರಡೂ ಇದ್ದವು. ವರ್ಷ ಕಳೆದಂತೆ ಈಟಿ ಹಿಂದಾಯಿತು, ಕ್ಯಾಮೆರಾ ಉಳಿಯಿತು. ಮೀನಿನ ನಡವಳಿಕೆ ತಿಳಿಯಬೇಕೆಂದರೆ ಅದರ ಮನೆಗೇ ಹೋಗಿ ನೋಡಬೇಕು, ಬಲೆಗೆ ಬಿದ್ದು ಸತ್ತದ್ದನ್ನು ಸೀಸೆಯಲ್ಲಿಟ್ಟು ನೋಡುವುದಲ್ಲ - ಇದು ಅವನ ವಾದ. ಇಂದು ಸಾಮಾನ್ಯ ಮಾತೆನಿಸುವ ಇದು ಅಂದಿನ ಪ್ರಾಧ್ಯಾಪಕರಿಗೆ ಹುಡುಗಾಟವಾಗಿ ಕಂಡಿತ್ತು.

ಯುದ್ಧಾನಂತರದ ವಿಯೆನ್ನಾದಲ್ಲಿ ಅವನ ಕಚೇರಿಗೆ ಕಾರ್ಯದರ್ಶಿಯಾಗಿ ಸೇರಿದವಳು ಲೊಟ್ಟೆ ಬೈಯರ್ಲ್. 1928ರಲ್ಲಿ ಹುಟ್ಟಿದ್ದ ಆಕೆಗೆ ಆಗಷ್ಟೇ ಶಾಲೆ ಮುಗಿದಿತ್ತು. ಟೈಪು ಮಾಡುವುದು ಕೆಲಸ. ಕೆಂಪು ಸಮುದ್ರದ ಮುಂದಿನ ಯಾತ್ರೆಗೆ ತಾನೂ ಬರಬೇಕೆಂಬುದು ಆಸೆ. ಹಾಸ್ ಒಪ್ಪಲಿಲ್ಲ. ಯಾತ್ರೆಯೆಂದರೆ ಗಂಡಸರ ಕೆಲಸ, ಹೆಂಗಸು ಬಂದರೆ ತೊಡಕು ಎನ್ನುವುದು ಅವನ ಅಭಿಪ್ರಾಯ. ಅವನು ಊರಲ್ಲಿಲ್ಲದ ಸಮಯ ನೋಡಿ ಆಕೆ ಅವನದೇ ಕ್ಯಾಮೆರಾ, ಅವನದೇ ಮುಖವಾಡ ತೆಗೆದುಕೊಂಡು ಡ್ಯಾನ್ಯೂಬ್ ನದಿಯ ಹಳೆಯ ಕವಲಿನಲ್ಲಿ ಮುಳುಗುವುದನ್ನು ತಾನೇ ಕಲಿತಳು. ತೆಗೆದ ಚಿತ್ರಗಳು ಪತ್ರಿಕೆಯಲ್ಲಿ ಅಚ್ಚಾದವು. ಅಷ್ಟಾದರೂ ಯಜಮಾನ ಕರಗಲಿಲ್ಲ. ಕರಗಿದ್ದು ಹಣ ಹಾಕುವ ಚಿತ್ರ ಕಂಪನಿ. ಬರೀ ಮೀನಿನ ಚಿತ್ರಕ್ಕೆ ಪ್ರೇಕ್ಷಕರು ಬರುವುದಿಲ್ಲ, ನಾಯಕಿಯೊಬ್ಬಳು ಬೇಕು ಎಂದು ಅದು ಹಠ ಹಿಡಿಯಿತು. ಕಾರಣ ಅಷ್ಟೇನೂ ಗೌರವದ್ದಲ್ಲ. ಆದರೂ ಬಾಗಿಲು ತೆರೆಯಿತು.

1950ರಲ್ಲಿ ಸುಡಾನ್ ಬಂದರಿನಲ್ಲಿ ಚಿತ್ರೀಕರಣ. ಬಿರುಬಿಸಿಲು, ಶಾರ್ಕುಗಳು, ಪದೇ ಪದೇ ಕೆಡುವ ಸಲಕರಣೆ. ಅಲಂಕಾರಕ್ಕೆಂದು ಕರೆತಂದ ಹುಡುಗಿ ಎಲ್ಲರ ಸಮಕ್ಕೆ ಮುಳುಗಿದಳು, ಕ್ಯಾಮೆರಾ ಹಿಡಿದಳು, ಗಾಯ ಮಾಡಿಕೊಂಡಳು, ದೂರಲಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ಇಬ್ಬರ ಮದುವೆಯಾಯಿತು. ಚಿತ್ರಕ್ಕೆ 1951ರ ವೆನಿಸ್ ಚಿತ್ರೋತ್ಸವದಲ್ಲಿ ಬಹುಮಾನ ಬಂತು. ಹಾಲಿವುಡ್ ಕರೆಯಿತು, ಲೊಟ್ಟೆ ಹೋಗಲಿಲ್ಲ. 1956ರಲ್ಲಿ ಬಿ.ಬಿ.ಸಿ. ಟೆಲಿವಿಷನ್ನಿನಲ್ಲಿ ದಂಪತಿಗಳ ಸರಣಿ ಬಂದಾಗ ಮಳೆ, ಮಂಜು, ಯುದ್ಧದ ಪಡಿತರ ಕಂಡು ಬೇಸತ್ತ ಇಂಗ್ಲೆಂಡಿನ ಮನೆಗಳು ಬೆಚ್ಚನೆಯ ಕಡಲಿನಲ್ಲಿ ಜೋಡಿಯೊಂದು ಮೀನಿನಂತೆ ತೇಲುವುದನ್ನು ಕಪ್ಪು ಬಿಳುಪಿನಲ್ಲಿ ನೋಡಿದವು. ದ್ವೀಪದ ರಜೆಯ ಜಾಹೀರಾತು ಎಂದು ಅದನ್ನು ಯಾರೂ ಕರೆಯಲಿಲ್ಲ. ಆದರೆ ಆಮೇಲಿನ ಎಲ್ಲ ಜಾಹೀರಾತುಗಳ ಮೂಲ ಅಲ್ಲಿದೆ.

ಅವರ ಹಡಗು ‘ಕ್ಸರೀಫಾ’ದ ಕತೆಯೂ ಸ್ವಾರಸ್ಯದ್ದು. ಮೂರು ಪಟಸ್ತಂಭಗಳ ಈ ನೌಕೆಯನ್ನು 1927ರಲ್ಲಿ ಕಟ್ಟಿಸಿದ್ದು ಸಿಂಗರ್ ಹೊಲಿಗೆ ಯಂತ್ರದ ಮನೆತನದ ವಾರಸುದಾರ. ನಮ್ಮ ಊರೂರಿನ ದರ್ಜಿಗಳು ತುಳಿದ ಪೆಡಲಿನ ಲಾಭದ ಒಂದು ಎಳೆಯೂ ಅದರಲ್ಲಿ ಸೇರಿರಬೇಕು. ಹಾಸ್ ಅದನ್ನು ಕೊಂಡು ಸಂಶೋಧನಾ ನೌಕೆಯಾಗಿಸಿ 1953-54ರಲ್ಲಿ ಕೆರಿಬಿಯನ್ ಮತ್ತು ಗಲಾಪಗೋಸಿಗೂ, 1957-58ರಲ್ಲಿ ಕೆಂಪು ಸಮುದ್ರ, ಮಾಲ್ಡೀವ್ಸ್, ಸಿಂಹಳ, ನಿಕೋಬಾರ್ ಕಡೆಗೂ ಹೊರಟ. ಸಂಕಟಗಳೂ ಇದ್ದವು; ಮೊದಲ ಯಾತ್ರೆಯಲ್ಲಿ ಜೊತೆಗಾರನೊಬ್ಬ ಮುಳುಗಿದವನು ಜೀವಂತ ಮೇಲೆ ಬರಲಿಲ್ಲ.

ಮಾಲ್ಡೀವ್ಸ್ ಆಗ ಬ್ರಿಟಿಷರ ರಕ್ಷಣೆಯಲ್ಲಿದ್ದ ಸುಲ್ತಾನರ ನಾಡು. ಹೊರಲೋಕಕ್ಕೆ ಅದು ತಿಳಿದಿದ್ದು ಒಣಮೀನಿಗೆ, ಅದಕ್ಕೂ ಹಿಂದೆ ಕವಡೆಗೆ. ‘ಕವಡೆ ಕಾಸಿನ ಕಿಮ್ಮತ್ತಿಲ್ಲ’ ಎನ್ನುತ್ತಾರಲ್ಲ, ಅಂಥ ಕವಡೆ ನಾಣ್ಯವಾಗಿ ಬಂಗಾಳದಲ್ಲೂ ಪಶ್ಚಿಮ ಆಫ್ರಿಕದಲ್ಲೂ ಚಲಾವಣೆಯಲ್ಲಿದ್ದಾಗ ಅದರ ಟಂಕಸಾಲೆ ಈ ದ್ವೀಪಗಳೇ ಆಗಿದ್ದವು. ಹವಳದ ಉಂಗುರ ದ್ವೀಪಕ್ಕೆ ಲೋಕವೆಲ್ಲ ಬಳಸುವ ‘ಅಟಾಲ್’ ಎಂಬ ಪದವೂ ಅಲ್ಲಿಯ ದಿವೇಹಿ ಭಾಷೆಯದು. ಮುಳುಗುವ ಜ್ವಾಲಾಮುಖಿಯ ಸುತ್ತ ಹವಳ ಮೇಲಕ್ಕೆ ಬೆಳೆಯುತ್ತಾ ಹೋಗಿ ಕೊನೆಗೆ ಉಂಗುರವಷ್ಟೇ ಉಳಿಯುತ್ತದೆ ಎಂದು ಚಾರ್ಲ್ಸ್ ಡಾರ್ವಿನ್ 1842ರಲ್ಲಿ ಬರೆದಿದ್ದ. 1952ರಲ್ಲಿ ಪೆಸಿಫಿಕ್ಕಿನ ಎನಿವೆಟಾಕ್‌ನಲ್ಲಿ ಕೊರೆದು ನೋಡಿದಾಗ 1200 ಮೀಟರಿಗೂ ಹೆಚ್ಚು ದಪ್ಪದ ಹವಳದ ಸುಣ್ಣದ ಕೆಳಗೆ ಜ್ವಾಲಾಮುಖಿಯ ಕಲ್ಲು ಸಿಕ್ಕಿತು. ಮಾಲ್ಡೀವ್ಸಿನ ಉಂಗುರಗಳಿಗೆ ಬೇರೆ ವಿವರಣೆ ಬೇಕೆಂದು ಹಾಸ್ ತನ್ನದೊಂದು ವಾದ ಮಂಡಿಸಿದ. ಮರಳಿನಲ್ಲಿ ಬಾಲ ಹುಗಿದು, ನೆಟ್ಟ ಸಸಿಗಳಂತೆ ಗುಂಪುಗುಂಪಾಗಿ ನಿಂತು ಓಲಾಡುವ ಹಾವುಮೀನಿನ ಒಂದು ಜಾತಿಗೆ ಅವನ ಹೆಸರೇ ಸೇರಿತು. ಜೊತೆಯಲ್ಲಿದ್ದ ಐರೆನೌಸ್ ಐಬ್ಲ್-ಐಬೆಸ್‌ಫೆಲ್ಟ್, ದೊಡ್ಡ ಮೀನುಗಳು ಬಾಯಿ ತೆರೆದು ನಿಂತು ಪುಟ್ಟ ಶುಚಿಗಾರ ಮೀನುಗಳಿಂದ ಹಲ್ಲು ಕಿವಿರು ಚೊಕ್ಕಟ ಮಾಡಿಸಿಕೊಳ್ಳುವುದನ್ನು ಕ್ಸರೀಫಾ ಯಾತ್ರೆಗಳಲ್ಲಿ ಕಂಡು ವಿವರಿಸಿದ. ಕ್ಷೌರದಂಗಡಿಯ ಮುಂದಿನ ಸಾಲಿನಂತೆ ಮೀನುಗಳು ಅಲ್ಲಿ ಸರದಿಗೆ ಕಾಯುತ್ತವೆ. ಸ್ವಲ್ಪ ತಾಳ್ಮೆಯಿಂದ ಒಂದೇ ಕಡೆ ತೇಲುತ್ತಿರುವ ಪ್ರವಾಸಿಗೂ ಈ ದೃಶ್ಯ ಸಿಗುತ್ತದೆ.

ಕ್ಸರೀಫಾ ಹೋಗಿ ಹದಿನಾಲ್ಕು ವರ್ಷಕ್ಕೆ, 1972ರ ಫೆಬ್ರವರಿಯಲ್ಲಿ ಇಟಲಿಯ ಪ್ರವಾಸ ಏಜೆಂಟ್ ಜಾರ್ಜ್ ಕೊರ್ಬಿನ್ ಇಪ್ಪತ್ತಕ್ಕೂ ಹೆಚ್ಚು ಮಂದಿಯನ್ನು ಮಾಲ್ಡೀವ್ಸಿಗೆ ಕರೆತಂದ. ಹೋಟೆಲು ಇರಲಿಲ್ಲ, ಮಾಲೆಯ ಮನೆಗಳಲ್ಲಿ ಇಳಿಸಿದರು. ಬ್ಯಾಂಕಾಗಲಿ ಸರಿಯಾದ ವಿಮಾನ ನಿಲ್ದಾಣವಾಗಲಿ ಇಲ್ಲದ ಈ ದ್ವೀಪಗಳಲ್ಲಿ ಪ್ರವಾಸೋದ್ಯಮ ನಡೆಯದೆಂದು ವಿಶ್ವಸಂಸ್ಥೆಯ ತಜ್ಞರು ಹೇಳಿದ್ದರೆಂಬ ಮಾತು ಅಲ್ಲಿ ಇಂದಿಗೂ ನಗುತ್ತಾ ಹೇಳಲ್ಪಡುತ್ತದೆ. ಅದೇ ವರ್ಷದ ಅಕ್ಟೋಬರಿನಲ್ಲಿ ‘ಕುರುಂಬಾ’, ಅಂದರೆ ಎಳನೀರು, ಎಂಬ ಹೆಸರಿನ ಮೊದಲ ವಿಹಾರಧಾಮ ತೆರೆಯಿತು. ಅದರ ಗೋಡೆ ಹವಳದ ಕಲ್ಲಿನದು, ಮಾಡು ತೆಂಗಿನ ಗರಿಯದು. ನೋಡಬೇಕಾದ ಹವಳವನ್ನೇ ಕಿತ್ತು ನೋಡುವವರಿಗೆ ಮನೆ ಕಟ್ಟಿದ್ದರು. ಆಗ ಅಲ್ಲಿ ಬೇರೆ ಕಲ್ಲೂ ಇರಲಿಲ್ಲ. 2024ರಲ್ಲಿ ಆ ದೇಶಕ್ಕೆ ಬಂದ ಪ್ರವಾಸಿಗರ ಸಂಖ್ಯೆ 20 ಲಕ್ಷ ದಾಟಿತು.

ಈ ಜನಕ್ಕೆಲ್ಲ ಮೆಚ್ಚಿಗೆಯಾಗುವ ಬೆಳ್ಳನೆಯ ಮರಳಿನ ಮೂಲ ಸ್ವಲ್ಪ ಮುಜುಗರದ್ದು. ಹವಳದ ಬಂಡೆಯನ್ನು ಗಟ್ಟಿ ಕೊಕ್ಕಿನಿಂದ ಕೊರೆದು ತಿನ್ನುವ ಗಿಳಿಮೀನು ಅದರಲ್ಲಿನ ಪಾಚಿ ಜೀರ್ಣಿಸಿಕೊಂಡು ಸುಣ್ಣವನ್ನು ಪುಡಿಯಾಗಿ ವಿಸರ್ಜಿಸುತ್ತದೆ. ಮಾಲ್ಡೀವ್ಸಿನ ವಕ್ಕರು ದ್ವೀಪದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ದ್ವೀಪ ಕಟ್ಟುವ ಮರಳಿನಲ್ಲಿ ಶೇಕಡಾ 85ಕ್ಕೂ ಹೆಚ್ಚು ಈ ಮೀನಿನ ಕೊಡುಗೆ. ನೀರಿಗೆ ಕಿವಿಗೊಟ್ಟರೆ ಅದು ಹವಳ ಕಡಿಯುವ ಕಟಕಟ ಸದ್ದು ಕೇಳುತ್ತದೆ. ಗಿಳಿಮೀನು ಇಲ್ಲದಿದ್ದರೆ ಮರಳಿಲ್ಲ, ಹವಳ ಇಲ್ಲದಿದ್ದರೆ ಗಿಳಿಮೀನಿಗೂ ಅಲ್ಲಿ ಕೆಲಸವಿಲ್ಲ. ದ್ವೀಪ ನಿಂತಿರುವುದು ಈ ಕೊಡುಕೊಳ್ಳುವಿಕೆಯ ಮೇಲೆ.

ನೋಡಲು ಬರುವವರೇ ಹೊರೆಯಾದ ಕಡೆಗಳೂ ಉಂಟು. ಹವಾಯಿಯ ಹನೌಮಾ ಕೊಲ್ಲಿಯನ್ನು 1967ರಲ್ಲೇ ಸಂರಕ್ಷಿತ ಪ್ರದೇಶವೆಂದು ಸಾರಿದ್ದರು. ಈಟಿಯ ಬೇಟೆ ನಿಂತಿತು. ಮೀನು ಹೆಚ್ಚಿದಂತೆ ಜನವೂ ಹೆಚ್ಚಿ 1980ರ ದಶಕದಲ್ಲಿ ಕೆಲವು ದಿನ ಹತ್ತು ಸಾವಿರ ಮಂದಿ ಆ ಪುಟ್ಟ ಕೊಲ್ಲಿಗೆ ಇಳಿಯುತ್ತಿದ್ದರು. ಸುಸ್ತಾದವರು ಹವಳದ ಮೇಲೇ ನಿಲ್ಲುತ್ತಿದ್ದರು. ಕಲ್ಲಿನಂತೆ ಕಂಡರೂ ಅದು ತೆಳ್ಳನೆಯ ಜೀವಂತ ಚರ್ಮ ಹೊದ್ದ ಪ್ರಾಣಿಗಳ ಊರು. ಒಮ್ಮೆ ಮೆಟ್ಟಿದ ಜಾಗ ಚೇತರಿಸಿಕೊಳ್ಳಲು ವರ್ಷಗಳು ಬೇಕು. 2002ರಿಂದ ಅಲ್ಲಿ ನೀರಿಗಿಳಿಯುವ ಮುನ್ನ ಪ್ರತಿಯೊಬ್ಬರೂ ಕೂತು ಒಂದು ಕಿರುಚಿತ್ರ ನೋಡಲೇಬೇಕೆಂದು ಕಟ್ಟಳೆಯಾಯಿತು. ಹವಳಕ್ಕೆ ಹಾನಿಯೆಂದು ಶಂಕಿಸಲಾದ ಎರಡು ರಾಸಾಯನಿಕಗಳಿರುವ ಸನ್‌ಸ್ಕ್ರೀನ್ ಮಾರಾಟವನ್ನು 2021ರಿಂದ ಹವಾಯಿ ನಿಷೇಧಿಸಿತು. ಹಾಸ್ ಈಟಿ ಹಿಡಿದು ಈಜಿದ್ದ ಬೊನೇರ್ ದ್ವೀಪ 1971ರಲ್ಲೇ ಈಟಿಯನ್ನು ನಿಷೇಧಿಸಿ 1979ರಲ್ಲಿ ಸುತ್ತಲಿನ ಕಡಲನ್ನೆಲ್ಲ ಉದ್ಯಾನವಾಗಿಸಿತು. ಅಲ್ಲಿ ಮುಳುಗುವವರು ಕೈಗವಸು ತೊಡುವಂತಿಲ್ಲ. ಕೈಗೆ ರಕ್ಷಣೆ ಇದ್ದರೆ ಹವಳ ಹಿಡಿಯುವ ಚಪಲ ಬರುತ್ತದೆಂಬುದು ಕಾರಣ. ಮನುಷ್ಯನ ಸ್ವಭಾವ ಬಲ್ಲವರು ಮಾಡಿದ ಕಾನೂನು ಇದು.

ಲಕ್ಷದ್ವೀಪದ ಕಥೆ ಬೇರೆ. ಇಲ್ಲಿ ಜನರ ಸಂತೆ ಎಂದೂ ನೆರೆಯಲಿಲ್ಲ. ಅನುಮತಿ ಪತ್ರವಿಲ್ಲದೆ ಹೊರಗಿನವರು ಕಾಲಿಡುವಂತಿಲ್ಲ. 2024ರ ಜನವರಿಯಲ್ಲಿ ಪ್ರಧಾನಿ ನರೇಂದ್ರ ಮೋದಿ ಅಲ್ಲಿ ಸ್ನಾರ್ಕೆಲ್ ತೊಟ್ಟ ಚಿತ್ರಗಳು ಪ್ರಕಟವಾದ ಮೇಲೆ ಇಡೀ ದೇಶದ ಕಣ್ಣು ಅತ್ತ ತಿರುಗಿತು. ಕನ್ನಡನಾಡಿನ ಮಟ್ಟಿಗೆ ಈ ದ್ವೀಪಗಳು ಹೊಸ ಪರಿಚಯವಲ್ಲ. ಇಂದು ಪ್ರವಾಸಿಗರು ಹುಡುಕಿಕೊಂಡು ಹೋಗುವ ಕಡ್ಮತ್, ಅದರ ನೆರೆಯ ಅಮಿನಿ, ಕಿಲ್ತಾನ್, ಚೆತ್ಲಾತ್, ಬಿತ್ರ - ಇವು 1780ರ ದಶಕದಲ್ಲಿ ಟಿಪ್ಪು ಸುಲ್ತಾನನ ಆಳ್ವಿಕೆಗೆ ಬಂದು, 1799ರ ನಂತರ ಕಂಪನಿ ಸರ್ಕಾರದ ಕೈಸೇರಿ, 1956ರವರೆಗೂ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ದ್ವೀಪದವರು ಹಾಯಿದೋಣಿಗಳಲ್ಲಿ ತೆಂಗಿನ ನಾರಿನ ಹುರಿ ಹೇರಿಕೊಂಡು ಮಂಗಳೂರಿಗೆ ಬಂದು ಅಕ್ಕಿ ಕೊಂಡೊಯ್ಯುತ್ತಿದ್ದರು. ನಾರಿನ ಮೇಲೆ ಸರ್ಕಾರದ ಏಕಸ್ವಾಮ್ಯವಿದ್ದುದರಿಂದ ಬೆಲೆ ಗೊತ್ತುಮಾಡುವವರೂ ಮಂಗಳೂರಿನ ಅಧಿಕಾರಿಗಳೇ. ಮುರ್ಡೇಶ್ವರದ ಎದುರಿನ ನೇತ್ರಾಣಿಯಲ್ಲಿ ನೀರಿಗಿಳಿದು ಹವಳ ಕಂಡು ಬೆರಗಾಗುವ ಇಂದಿನ ಕನ್ನಡಿಗರಿಗೆ, ಒಂದು ಕಾಲಕ್ಕೆ ಇಡೀ ಹವಳದ ದ್ವೀಪಗಳೇ ಒಂದು ಕನ್ನಡ ಜಿಲ್ಲೆಯ ಕಂದಾಯ ದಫ್ತರದಲ್ಲಿದ್ದವೆಂದರೆ ನಂಬುವುದು ಕಷ್ಟ.

ಆ ಹವಳಕ್ಕೆ ಈಗ ಬಂದಿರುವ ಕುತ್ತು ಪ್ರವಾಸಿಯ ಪಾದದಿಂದ ಬಂದದ್ದಲ್ಲ. ಹವಳದ ಜೀವಿಯ ಮೈಯೊಳಗೆ ಸೂಕ್ಷ್ಮ ಪಾಚಿಗಳು ನೆಲೆಸಿ ಬಿಸಿಲಿನಿಂದ ಅನ್ನ ತಯಾರಿಸಿ ಮನೆಯೊಡೆಯನಿಗೆ ಬಹುಪಾಲು ಕೊಡುತ್ತವೆ. ಬಣ್ಣವೂ ಅವುಗಳದೇ. ಬೇಸಿಗೆಯ ಸಾಮಾನ್ಯ ಗರಿಷ್ಠಕ್ಕಿಂತ ಒಂದು ಡಿಗ್ರಿ ಸೆಲ್ಸಿಯಸ್ ಹೆಚ್ಚಿನ ಬಿಸಿ ಕೆಲವು ವಾರ ಮುಂದುವರಿದರೆ ಹವಳ ಆ ಪಾಚಿಯನ್ನು ಹೊರದೂಡಿ ಬಿಳಿಚಿಕೊಳ್ಳುತ್ತದೆ. ಬಿಸಿ ಇಳಿಯದಿದ್ದರೆ ಹಸಿವಿನಿಂದ ಸಾಯುತ್ತದೆ. 1998ರ ಎಲ್ ನಿನೊ ವರ್ಷದಲ್ಲಿ ಮಾಲ್ಡೀವ್ಸಿನ ಆಳವಿಲ್ಲದ ನೀರಿನ ಹವಳದಲ್ಲಿ ಬಹುಪಾಲು ಹೀಗೆ ಸತ್ತಿತು. ಲಕ್ಷದ್ವೀಪಕ್ಕೂ ಅದೇ ಗತಿ. ಮತ್ತೆ 2010, ಮತ್ತೆ 2016. 2023ರಲ್ಲಿ ಶುರುವಾದ ಜಾಗತಿಕ ಬಿಳಿಚುವಿಕೆ ದಾಖಲೆಯಲ್ಲಿ ನಾಲ್ಕನೆಯದು. ಮೈಸೂರಿನಲ್ಲಿ ನೆಲೆಯಿರುವ ನೇಚರ್ ಕನ್ಸರ್ವೇಷನ್ ಫೌಂಡೇಷನ್ನಿನ ವಿಜ್ಞಾನಿಗಳು 1998ರಿಂದ ಅಗತ್ತಿ, ಕಡ್ಮತ್, ಕವರತ್ತಿಗಳ ನೀರಿಗಿಳಿದು ಅಳೆಯುತ್ತಿದ್ದಾರೆ. ಅವರು 2025ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ 24 ವರ್ಷಗಳಲ್ಲಿ ಜೀವಂತ ಹವಳದ ಹೊದಿಕೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದೆ. ಒಂದು ಹೊಡೆತದಿಂದ ಚೇತರಿಸಿಕೊಳ್ಳುವ ಶಕ್ತಿ ಹವಳಕ್ಕಿದೆ. ಎರಡು ಹೊಡೆತಗಳ ನಡುವೆ ಸಿಗುವ ಬಿಡುವು ಸಾಲದಾಗಿದೆ.

ಹಾನ್ಸ್ ಹಾಸ್ 2013ರಲ್ಲಿ, ಲೊಟ್ಟೆ 2015ರಲ್ಲಿ ತೀರಿಕೊಂಡರು. ತಾವು ಕಂಡಿದ್ದ ಹವಳದ ತೋಟಗಳು ಮಸುಕಾದ ಸುದ್ದಿ ಇಬ್ಬರ ಕಾಲದಲ್ಲೇ ಬಂದಿತ್ತು.

ಮುಂಗಾರಿನ ಅಲೆ ಬಡಿಯುವಾಗ ದ್ವೀಪಕ್ಕೂ ಸಮುದ್ರಕ್ಕೂ ನಡುವೆ ಇರುವ ಗೋಡೆ ಆ ಹವಳದ ದಿಬ್ಬವೊಂದೇ. ಬಂಗಾರಂ ಅಟಾಲ್‌ನಲ್ಲಿ ಪರಳಿ-1 ಎಂಬ ಜನವಸತಿಯಿಲ್ಲದ ಪುಟ್ಟ ದ್ವೀಪವಿತ್ತು. 1968ರಲ್ಲಿ ಅದರ ವಿಸ್ತೀರ್ಣ 0.032 ಚದರ ಕಿಲೋಮೀಟರ್, ಅಂದರೆ ಸುಮಾರು ಎಂಟು ಎಕರೆ. ಕೊರೆತಕ್ಕೆ ಸಿಕ್ಕಿ ಅದು ಪೂರ್ತಿ ಮರೆಯಾಗಿದೆಯೆಂದು 2017ರಲ್ಲಿ ಸಂಶೋಧಕರು ವರದಿ ಮಾಡಿದರು. ಅದಿದ್ದ ಜಾಗ ನೋಡಬೇಕೆಂದರೆ ಈಗ ನೀರಿಗೆ ಮುಖವಿಡಬೇಕು.